ಬರಿದಾಗಿ ಬಾರದ ತಪ್ಪಲೆ

ಯುದ್ಧಕಾಲ. ದೊಡ್ಡಬಳ್ಳಾಪುರದ ಸೀಮೆಯಲ್ಲಿ ರಾಗಿ ದೇವರ ದರ್ಶನದಷ್ಟೇ ಅಪರೂಪವಾಗಿತ್ತು. ಹುಣಸೇಪಾಳ್ಯ, ಕೋಡಿಹಳ್ಳಿ ಎರಡಕ್ಕೂ ಒಂದೇ ರಾಗಿ ಡಿಪೋ ಎಂದು ಅಪ್ಪಣೆಯಾಯಿತು. ನೂರು ಮನೆಗೆ ಇಷ್ಟೆಂದು ಎಣಿಸಿದಾಗ ಬಡಮನೆಗಳು ಎಲ್ಲಿ ಹೆಚ್ಚೋ ಡಿಪೋ ಆ ಊರಿಗೆ. ಹಿತ್ತಾಳೆ ತಪ್ಪಲೆಯಿಲ್ಲದ್ದು ಬಡಮನೆ. ಇದು ಮನೆ ಎಣಿಸಲು ಬರುವ ಗುಮಾಸ್ತರ ಲೆಕ್ಕ. ಶಾನುಭೋಗರ ಜಗಲಿಯಲ್ಲಿ ಈ ಗುಟ್ಟನ್ನು ಕೇಳಿಸಿಕೊಂಡವಳು ಹುಣಸೇಪಾಳ್ಯದ ಮುನಿತಾಯಮ್ಮ ಒಬ್ಬಳೇ.

ಡಿಪೋ ತಮ್ಮೂರಿಗೇ ಬರಬೇಕೆಂದು ಅವಳ ಹಂಬಲ. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಮಂಡಿನೋವಿನ ಕಾಲೆಳೆದು ಎರಡು ಮೈಲಿಯಿಂದ ರಾಗಿ ಹೊತ್ತು ತರುವವರು ಯಾರು? ಆದರೆ ಊರಿನ ಕಣಜಗಳು ಬರಿದಾಗಿದ್ದರೂ ಅಜ್ಜಿಯರ ಕಾಲದ ತಪ್ಪಲೆಗಳು ಮನೆಮನೆಯಲ್ಲೂ ಇದ್ದವು.

ಕೋಡಿಹಳ್ಳಿಗೆ ಪಾತ್ರೆಗೆ ತವರ ಹಚ್ಚುವ ಕಲಾಯಿ ಸಾಬರು ಬಂದಿದ್ದಾರೆಂದು ತಿಳಿದದ್ದೇ ಮುದುಕಿಗೆ ಯುಕ್ತಿ ಹೊಳೆಯಿತು. ಊರಿನ ತಪ್ಪಲೆಗಳನ್ನೆಲ್ಲ ಗಾಡಿಗೆ ಹೇರಿಸಿ, ಅಲ್ಲಿದ್ದ ತಂಗಿ ದ್ಯಾವಮ್ಮನಿಗೆ ಕಳಿಸಿದಳು.

"ನಿಧಾನವಾಗಿ ಕಲಾಯಿ ಆಗ್ಲಿ. ಒಂದೇ ಕಡೆ ಇಟ್ರೆ ಕಳ್ಳರ ಕಾಟ, ಮನೆಗೊಂದು ಇಡ್ಸೇ," ಎಂದು ಹೇಳಿಕಳಿಸಿದಳು.

ಗುಮಾಸ್ತರು ಮೊದಲು ಕೋಡಿಹಳ್ಳಿಗೆ ಹೋದರು. ಬಾಗಿಲಲ್ಲೇ ನಿಂತು ಇಣುಕಿದರು, ತಪ್ಪಲೆ ಯಾರದೆಂದು ಕೇಳಲಿಲ್ಲ. ನೂರಕ್ಕೆ ಆರೇ ಬಡಮನೆ!

ಮರುದಿನ ಹುಣಸೇಪಾಳ್ಯ.

"ಮಣ್ಣಿನ ಮಡಕೇನೇ ಗತಿ ಸ್ವಾಮಿ," ಎಂದು ಮುನಿತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುಮಾಸ್ತರು ಮರುಗಿ ಲೇಖನಿ ಎತ್ತುವಷ್ಟರಲ್ಲಿ ಗಾಡಿ ಬಂದು ನಿಂತಿತು. ಮೇಲೆ ದ್ಯಾವಮ್ಮ, ಹಿಂದೆ ಫಳಫಳನೆ ಹೊಳೆಯುವ ತಪ್ಪಲೆಗಳು.

"ಅಕ್ಕಾ! ಬಿರ್ರನೆ ಕಲಾಯಿ ಆಗೋಯ್ತು ಕಣೇ! ಖಾಲಿ ತಪ್ಪಲೆ ಕಳಿಸ್ಬಾರ್ದು ಅಂತ ನಮ್ಮೂರೋರು ಒಂದೊಂದು ಹಿಡಿ ರಾಗಿ ಹಾಕವ್ರೆ."

"ಇವನ್ನು ನಿನ್ನೆ ಅಲ್ಲೇ ಎಣಿಸಿದ್ದೆನಲ್ಲಮ್ಮ!" ಎಂದರು ಗುಮಾಸ್ತರು.

ಮುನಿತಾಯಮ್ಮ ತನ್ನ ತಪ್ಪಲೆಯೊಳಗೆ ನೋಡಿದಳು. ಆ ಹಿಡಿ ರಾಗಿ ಕೊಟ್ಟ ಮೇಲೆ ತಂಗಿಯ ಮನೆಯಲ್ಲಿ ಇನ್ನೇನೂ ಉಳಿದಿರಲಾರದು. ನಾಲಿಗೆಯ ತುದಿಗೆ ಬಂದಿದ್ದ ಸುಳ್ಳನ್ನು ನುಂಗಿಕೊಂಡಳು.

"ಎಲ್ಲಾ ನಮ್ಮವೇ ಸ್ವಾಮಿ. ಅವರ ಲೆಕ್ಕದಲ್ಲಿ ಕಳೀರಿ, ನಮ್ಮದಕ್ಕೆ ಕೂಡ್ಸಿ. ಪಾಪ ನಂದೊಬ್ಬಳದೇ."

ಡಿಪೋ ಕೋಡಿಹಳ್ಳಿಗೆ ಹೋಯಿತು. ಊರ ಹೆಂಗಸರು ಒಂದು ತಿಂಗಳು ಅವಳನ್ನು "ಸಾಹುಕಾರ್ತಿ" ಎಂದೇ ಕರೆದರು.

"ಭಾರಿ ಕಳ್ಳಿ ಕಣಕ್ಕ ನೀನು. ನಿನ್ ರಾಗಿ ನಾನೇ ತಂದ್ಕೊಡ್ತೀನಿ ಬಿಡು," ಎಂದು ದ್ಯಾವಮ್ಮ ನಕ್ಕಳು.

ಅಂದಿನಿಂದ ಪ್ರತಿ ಸೋಮವಾರ ರಾಗಿ ಆ ತಪ್ಪಲೆಯಲ್ಲೇ ಬಂತು. ಅದನ್ನು ಖಾಲಿ ಕಳಿಸುವುದು ಹೇಗೆ? ಮುನಿತಾಯಮ್ಮ ಹುಣಸೆಚಿಗುರು ತುಂಬಿ, ಮೇಲೊಂದು ತುಳಸಿದಳವಿಟ್ಟು ಕೊಡುವಳು.

"ರಾಗಿಗಿಂತ ಹುಳೀನೇ ಜಾಸ್ತಿ ಆಯ್ತಲ್ಲಕ್ಕ!"

"ಸುಮ್ನೆ ಹೊತ್ಕೊಂಡ್ಹೋಗೇ. ಮುದ್ದೆಗೆ ಹುಳಿ ಬೇಡ್ವಾ?"