ಬಾಯಿ ಮುಚ್ಚಿದ ಗಂಟೆ

ಅಪೆಲು ಕಬ್ಬಿಣದ ಸಲಾಕೆ ಎತ್ತಿದ್ದೇ ತಡ, ಫೆತು ಓಡಿಬಂದು ಅವನ ಮಣಿಕಟ್ಟು ಹಿಡಿದಳು.

"ಬೇಡ ದೊಡ್ಡಪ್ಪ, ಬಾರಿಸ್ಬೇಡಿ."

"ಬಾರಿಸ್ಬೇಡ ಅಂದ್ರೆ? ಜೀವಮಾನವಿಡೀ ಪಾಠ ಹೇಳಿದೋಳ ಮಣ್ಣಿಗೆ ಶಾಲೆ ಗಂಟೆನೂ ಬೇಡ್ವಾ? ಪಕ್ಕದೂರೋರು ನಗಲ್ವಾ?" ಚರ್ಚಿನ ಹಿರಿಯನಾದ ಅಪೆಲುವಿಗೆ ಸಾವಿನ ಮನೆಯಲ್ಲೂ ಪಕ್ಕದೂರಿನದೇ ಚಿಂತೆ. "ಅಲೆ ಬಂದು ಹೋಗಿ ಎಷ್ಟು ಕಾಲ ಆಯ್ತು! ನೀನೀಗ ಟೀಚರು ಕಣೇ, ಮಗು ಅಲ್ಲ."

ದೀವಿಹಲಸಿನ ಕೊಂಬೆಗೆ ತೂಗುಹಾಕಿದ ಖಾಲಿ ಗ್ಯಾಸ್ ಸಿಲಿಂಡರೇ ಈ ಸಮೋವಾ ಹಳ್ಳಿಯ ಶಾಲೆಗೆ ಗಂಟೆ. ಪಕ್ಕದ ಅಂಗಳದಲ್ಲಿ ಪೆನಿನಾ ಟೀಚರ ಶವಪೆಟ್ಟಿಗೆಗೆ ನವುರಾದ ಚಾಪೆ ಹೊದಿಸಿದ್ದರು. ಕುಣಿ ತೋಡಿಯಾಗಿತ್ತು. ಕೆಳಗೆ ಸಮುದ್ರ.

ಟೀಚರ ತಂಗಿ ಲೆಪೆಕಾ ಮೂಗು ಒರೆಸಿಕೊಂಡಳು. "ಫೆತುನೇ ಬಾರಿಸ್ಲಿ ಅಂತ ಅಕ್ಕ ಹೇಳಿದ್ಲು. ಆಗ್ದಿದ್ರೆ ಬಲವಂತ ಮಾಡ್ಬೇಡಿ ಅಂತಾನೂ ಅಂದ್ಲು."

*

ಸುನಾಮಿ ಅಲೆ ಬಂದ ಆ ಬೆಳಿಗ್ಗೆ, ಸಮುದ್ರ ಹಿಂದಕ್ಕೆ ಸರಿದದ್ದನ್ನು ಕಂಡು, ಕೈ ಸೋಲುವವರೆಗೆ ಗಂಟೆ ಬಾರಿಸಿದವಳು ಪೆನಿನಾ ಟೀಚರೇ. ಶಾಲೆಯ ದಾರಿಯಲ್ಲಿದ್ದ ಪುಟ್ಟ ಫೆತು ಗುಡ್ಡಕ್ಕೆ ಓಡಿದಳು. ತಮ್ಮ ಸೊಲೊನ ಕೈ ಎಲ್ಲಿ ಬಿಟ್ಟಳೋ, ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಗುಡ್ಡದ ಹಾದಿಯಲ್ಲಿ ಅಪೆಲುವಿನ ಹಿಂದೆಯೇ ಓಡುತ್ತಿದ್ದ ಅವನ ಹೆಂಡತಿಯೂ ಅಂದೇ ಅಲೆಯ ಪಾಲಾದಳು. ಅವನು ಮಾತ್ರ ಒಂದು ದಿನವೂ ಅದರ ಸುದ್ದಿ ಎತ್ತಿದವನಲ್ಲ.

ಶಾಲೆ ಮತ್ತೆ ತೆರೆದಾಗ ಗಂಟೆಯ ಸದ್ದಿಗೆ ಮಕ್ಕಳು ಚೀಲ ಬಿಸಾಕಿ ಗುಡ್ಡ ಹತ್ತಿದರು. ಫೆತು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಈ ಭಯಕ್ಕೆ ಬೆತ್ತವೇ ಮದ್ದು ಅಂದರು ಕೆಲವರು, ಪ್ರಾರ್ಥನೆ ಅಂದರು ಕೆಲವರು. ಟೀಚರು ತನ್ನ ಹೊದಿಕೆಯನ್ನು ಹುಡುಗಿಗೆ ಸುತ್ತಿ, ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಇನ್ಮೇಲೆ ಇದು ಬಾಯಿ ಮುಚ್ಕೊಂಡಿರುತ್ತೆ. ಯಾವತ್ತಾದ್ರೂ ನಿಂಗೇ ಬಾರಿಸ್ಬೇಕು ಅನ್ಸಿದ್ರೆ ಬಾರಿಸು. ಅನ್ಸದಿದ್ರೂ ನಾನು ಕೇಳಲ್ಲ."

ಅಂದಿನಿಂದ ಮಳೆಯಿರಲಿ ಬಿಸಿಲಿರಲಿ, ತರಗತಿಯಿಂದ ತರಗತಿಗೆ ತಾನೇ ನಡೆದು, ಬಾಗಿಲಲ್ಲಿ ನಿಂತು "ಬನ್ನಿ" ಎಂದು ಕರೆಯುತ್ತಿದ್ದಳು. ಮೇಲಿನವರು ಬೈದರು. ಅವಳು ಜಗ್ಗಲಿಲ್ಲ. ಫೆತು ಬೆಳೆದು ಅದೇ ಶಾಲೆಗೆ ಟೀಚರಾಗಿ ಬಂದಳು. ಗಂಟೆಯ ಮಾತು ಇಬ್ಬರ ನಡುವೆ ಬರಲೇ ಇಲ್ಲ.

*

"ಕೊಡಿ ಇಲ್ಲಿ," ಎಂದು ಫೆತು ಅಪೆಲುವಿನ ಕೈಯಿಂದ ಸಲಾಕೆ ತೆಗೆದುಕೊಂಡಳು. ಸಾಯುವವರೆಗೂ ಕಾದವಳನ್ನು ಇನ್ನೆಷ್ಟು ಕಾಯಿಸುವುದು ಎಂದು ಅವಳಿಗೆ ಅಳು ಬಂತು. ಕಣ್ಣು ಮುಚ್ಚಿ ಬಾರಿಸಿದಳು.

ಅದೇ ಸದ್ದು. ಕಣ್ಣು ತೆರೆದಾಗ ನೋಟ ತಾನಾಗಿ ಸಮುದ್ರದ ಮೇಲಿತ್ತು. ನಾಚಿಕೆಯಿಂದ ಸುತ್ತ ನೋಡಿದಳು. ಬಿಳಿ ಬಟ್ಟೆ ತೊಟ್ಟ ಅವಳ ಓರಗೆಯವರೆಲ್ಲ, ಕಂಕುಳಲ್ಲಿ ಮಕ್ಕಳನ್ನೆತ್ತಿಕೊಂಡವರೂ, ಪೆಟ್ಟಿಗೆಗೆ ಬೆನ್ನು ಮಾಡಿ ಸಮುದ್ರವನ್ನೇ ನೋಡುತ್ತಿದ್ದರು. ಅಲೆ ಬಂದ ಮೇಲೆ ಹುಟ್ಟಿದ ಮಕ್ಕಳು ಮಾತ್ರ ಪೆಟ್ಟಿಗೆ ನೋಡುತ್ತಿದ್ದವು.

ಸಮುದ್ರ ಇದ್ದಲ್ಲೇ ಇತ್ತು. ಫೆತು ಮತ್ತೆ ಬಾರಿಸಿದಳು, ನಿಧಾನವಾಗಿ, ಮತ್ತೆ ಮತ್ತೆ. ಒಬ್ಬೊಬ್ಬರಾಗಿ ಇತ್ತ ತಿರುಗಿದರು.

"ಅಪೆಲು ಎಲ್ಲಿ?" ಎಂದಳು ಲೆಪೆಕಾ.

ಅವನು ಗುಡ್ಡದ ಹಾದಿಯ ನಡುವೆ ನಿಂತಿದ್ದ. ಕಾಲಲ್ಲಿ ಚಪ್ಪಲಿ ಒಂದೇ ಇತ್ತು. ಒಂದು ಕೈಯನ್ನು ಹಿಂದಕ್ಕೆ ಚಾಚಿದ್ದ.

ಫೆತು ಸಲಾಕೆ ಕೆಳಗಿಟ್ಟು, ಓಡಿಹೋಗಿ ಆ ಕೈ ಹಿಡಿದಳು. "ಬನ್ನಿ ದೊಡ್ಡಪ್ಪ."

"ಬೇಗ ಹತ್ತೇ," ಎಂದ ಅವನು, ಹಿಂದೆ ತಿರುಗಿ ನೋಡದೆ.

ಫೆತು ಕೈ ಬಿಡದೆ ಅವನ ಜೊತೆ ಹತ್ತಿದಳು. ಕೆಳಗೆ ಪೆಟ್ಟಿಗೆ ಕಾಯುತ್ತಿತ್ತು.