ಅಂಟಿಸಿದ ಹನ್ನೊಂದು ಪುಟಗಳು

ನನ್ನ ಮಾವನವರು ಋತು ಬದಲಾದದ್ದನ್ನು ಆಕಾಶ ನೋಡಿ ತಿಳಿಯುವವರಲ್ಲ, ತರಕಾರಿ ಅಂಗಡಿಯ ಬುಟ್ಟಿಗಳಿಗೆ ಮೂಗು ತೂರಿಸಿ ತಿಳಿಯುವವರು. ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿ ಬಾಗಿದ ಬೆನ್ನು, ಮೈದಾ ಅಂಟಿನ ಕಲೆಗಳಿಂದ ಬಿರುಸಾದ ಏಪ್ರನ್, ನಡೆದರೆ ಸರಬರ ಎನ್ನುವ ಚಪ್ಪಲಿ. ಅತ್ತೆ ತೀರಿಕೊಂಡ ಮೇಲೆ ಈ ಮೂರೂ ಅವರ ರಟ್ಟಿನಂಗಡಿ ಬಿಟ್ಟು ನಮ್ಮ ಅಡುಗೆಮನೆ ಸೇರಿದವು. ಜೊತೆಗೆ ಬಂದದ್ದು ಅವರೇ ಹೊಲಿದು ರಟ್ಟು ಹಾಕಿದ್ದ ಇಟಲಿಯ ಅಡುಗೆಯ ನಾಲ್ಕು ಸಂಪುಟಗಳು, ಋತುವಿಗೊಂದು. ವಸಂತಕ್ಕೆ ಹಸಿ ಬಟಾಣಿಯ ಅನ್ನ, ಚಳಿಗೆ ಬೀನ್ಸ್ ಕಾಳಿನ ಗಟ್ಟಿ ಸೂಪು. ಒಂದು ಪುಟವನ್ನೂ ಹಾರಿಸುವಂತಿಲ್ಲ, ಅವಸರಪಡುವಂತಿಲ್ಲ. ಚಳಿಯಲ್ಲಿ ನಾನು ಟೊಮೆಟೊ ತಂದರೆ, ಕರೆಯದೆ ಬಂದ ನೆಂಟನನ್ನು ನೋಡುವಂತೆ ಅದನ್ನು ನೋಡಿ, "ಅದರ ಪುಟ ಬರಲಮ್ಮ" ಎನ್ನುತ್ತಿದ್ದರು.

ನಾನೋ, ಮಗಳು ಒಮ್ಮೆ ಕೆಮ್ಮಿದರೆ ಥರ್ಮಾಮೀಟರ್ ಹುಡುಕುವವಳು. ಕಳೆದ ಬೇಸಗೆಯಲ್ಲಿ ಅವರ ಟೊಮೆಟೊ ಪಾಸ್ತಾ ತಿಂದ ಮರುದಿನ ಅವಳ ಮೈತುಂಬ ಕೆಂಪು ಗುಳ್ಳೆ ಎದ್ದಾಗ, ಮನೆಗೆ ಬಂದಿದ್ದ ನಾದಿನಿಯ ಎದುರೇ ಸಿಡಿದೆ:

"ನಿಮ್ಮ ಚಪಲಕ್ಕೆ ನನ್ನ ಮಗುವೇ ಬೇಕಿತ್ತಾ ಮಾವ?"

"ಸುಮ್ನೆ ಒಂದು ಕಡೆ ಕೂತ್ಕೋಬಾರದಾ ಅಪ್ಪ?" ಎಂದು ನಾದಿನಿ ಉರಿಯುವ ಬೆಂಕಿಗೆ ತುಪ್ಪ ಸುರಿದಳು.

ಮಾವ ಅಂದಿನಿಂದ ಮಗುವಿನ ತಟ್ಟೆಯನ್ನು ಮೊದಲು ನನ್ನ ಮುಂದೆ ಹಿಡಿದು, "ಇದು ಆಗುತ್ತೇನಮ್ಮ?" ಎಂದು ಕೇಳತೊಡಗಿದರು.

ವಾರದೊಳಗೆ ನಿಜ ತಿಳಿಯಿತು. ಗುಳ್ಳೆಗೆ ಕಾರಣ ನಾನೇ ಆಸೆಪಟ್ಟು ತಂದಿದ್ದ ಪರಿಮಳದ ಸೋಪಿನ ಪುಡಿ. ಅದರಲ್ಲಿ ಒಗೆದ ಅಂಗಿ ತೊಟ್ಟಾಗಲೆಲ್ಲ ಮಗಳ ಮೈ ಕೆಂಪಾಗುತ್ತಿತ್ತು. ಪುಡಿಯನ್ನು ಬಚ್ಚಲಿಗೆ ಸುರಿದೆ, ಬಾಯಿ ಮಾತ್ರ ಬಿಡಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಮೂರು ಸಂಪುಟ ಮುಗಿದವು, ಮೂರು ಹೊತ್ತೂ ಆ ಪ್ರಶ್ನೆಗೆ ತಲೆಯಾಡಿಸುತ್ತಲೇ ಇದ್ದೆ.

ಈ ಬೇಸಗೆಯಲ್ಲಿ ಮಗಳು ಬುಟ್ಟಿ ತೋರಿಸಿ, "ಅಜ್ಜ, ಕೆಂಪು ಪಾಸ್ತಾ!" ಎಂದು ಕುಣಿದಳು.

"ಆ ಪುಟ ಇಲ್ಲ ಪುಟ್ಟೀ."

ಹೇಗಿಲ್ಲವೆಂದು ನಾನು ಸಂಪುಟ ತೆರೆದೆ. ಟೊಮೆಟೊ ಇದ್ದ ಹನ್ನೊಂದು ಪುಟಗಳ ಮೇಲೂ ಬಿಳಿ ಹಾಳೆ, ಅಂಚು ಕೂದಲೆಳೆಯಷ್ಟೂ ಸುಕ್ಕಾಗದಂತೆ ಅಂಟಿಸಿತ್ತು. ಜನ್ಮದಲ್ಲಿ ಪುಸ್ತಕದ ಮೇಲೆ ಗೀರು ಹಾಕದವರು ಪ್ರತಿ ಹಾಳೆಯಲ್ಲೂ ಪೆನ್ಸಿಲಿನಿಂದ ಬರೆದಿದ್ದರು: 'ಮಗುವಿಗೆ ಆಗದು.'

"ಮಾವ, ಅದು ಟೊಮೆಟೊ ಅಲ್ಲ. ನಾನು ತಂದ ಸೋಪು. ನಂಗೆ ಆಗಲೇ ಗೊತ್ತಾಗಿತ್ತು."

ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಒಂದು ವರ್ಷ ಆಯ್ತಲ್ಲಮ್ಮ. ನಾನೇ ಕೂಸಿಗೆ ವಿಷ ಹಾಕಿದೆ ಅಂದ್ಕೊಂಡಿದ್ದೆ." ಸಂಪುಟ ಕೈಗೆತ್ತಿಕೊಂಡು, "ದೊಡ್ಡ ಪಾತ್ರೇಲಿ ನೀರಿಡು. ಆವಿ ಹಿಡಿದ್ರೆ ಮೈದಾ ಅಂಟು ಬಿಡುತ್ತೆ" ಎಂದರು.

ಒಂದೊಂದಾಗಿ ಹನ್ನೊಂದೂ ಬಿಟ್ಟವು. ಅಂಟಿನ ಕಲೆ ಉಳಿಯಿತು. ಅದೇ ನೀರಿಗೆ ಅವರು ಉಪ್ಪು ಹಾಕಿ ಪಾಸ್ತಾ ಬೇಯಿಸಿದರು. ಅಂದು ತಟ್ಟೆ ನನ್ನ ಮುಂದೆ ನಿಲ್ಲದೆ ನೇರ ಮಗಳ ಬಳಿಗೆ ಹೋಯಿತು. ನಾನು ತಲೆ ಎತ್ತಲಿಲ್ಲ.

ರಟ್ಟು ಕಟ್ಟುವವರು, ಹರಿದವರು ಯಾರೆಂದು ಕೇಳದೆ ಹರಿದದ್ದನ್ನು ಹೊಲಿದು ಬದುಕುವವರು. ಅವರು ಕೇಳುವುದಿಲ್ಲ ಎಂಬುದೇ ಹರಿದವರಿಗೆ ಎಷ್ಟು ಅನುಕೂಲವೆಂದು, ಒಂದು ವರ್ಷ ಅವರ ಕೈಯಡುಗೆ ಉಂಡ ನನಗೆ ಗೊತ್ತು.