ಕೋದಂಡರಾಮಪ್ಪ ಕುಡಿದಿರಲಿಲ್ಲ

ಮಾಸ್ತಿ ಹತ್ತಿರದ ಆ ಊರಿನಲ್ಲಿ ರೇಷ್ಮೆ ಸಾಕುವವರದೊಂದು ಕಟ್ಟುಪಾಡು: ಕುಡಿದವರು ಹುಳುಮನೆಯೊಳಗೆ ಕಾಲಿಡಬಾರದು. ಮುನಿಗಂಗಮ್ಮ ಈಗ ಅದನ್ನು ಗಂಡನಿಗೇ ಹಾಕಿದ್ದಳು.

ಅರವತ್ತು ಸಮೀಪಿಸಿದ್ದ ಕೋದಂಡರಾಮಪ್ಪ ಕಾಲು ಅಗಲಿಸಿ, ತೂರಾಡುತ್ತ ನಡೆಯುತ್ತಿದ್ದ. ಮಾತೂ ತೊದಲುತ್ತಿತ್ತು. ಆ ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪಿನ ಮಂಕರಿ ಹೊತ್ತು ಬಂದವನು ಹುಳುವಿನ ತಟ್ಟೆಗಳ ಮೇಲೆಯೇ ಬಿದ್ದಿದ್ದ.

“ಕುಡಿದಿಲ್ಲ ಕಣೇ. ಬಾಯಿ ಮೂಸಿ ನೋಡು.”

“ಏಲಕ್ಕಿ ಅಗಿದಿರ್ತೀಯ! ನಿಮ್ಮಪ್ಪನೂ ಹಿಂಗೇ ತೂರಾಡ್ತಾ ಹೋದ. ವಂಶದ ಚಾಳಿ!”

ಬಿಪಿ ನೋಡಲು ಬಂದಿದ್ದ ಆಶಾ ಕಾರ್ಯಕರ್ತೆ ಪವಿತ್ರ ತಲೆ ಎತ್ತಿದಳು. “ನಿಮ್ಮ ಮಾವನೂ ಹಿಂಗೇನಾ ಅಕ್ಕಾ? ಕುಡಿಯೋದನ್ನ ನೀವು ನೋಡಿದ್ರಾ?”

“ನೋಡಿಲ್ಲಮ್ಮ. ಊರೋರು ಹೇಳೋರು.”

“ಮನೇಲಿ ಇನ್ಯಾರಿಗಾದ್ರೂ ಹಿಂಗಿದೆಯಾ?”

“ನಮ್ಮ ನಾದಿನಿ ಶ್ಯಾಮಲಮ್ಮ, ನಂಗಲೀಲಿರೋಳು. ಗೋಡೆ ಹಿಡ್ಕೊಂಡೇ ನಡೀತಾಳೆ.”

“ಅವ್ರೂ ಕುಡೀತಾರಾ?”

“ಥೂ, ಅವಳು ಕಾಫೀನೂ ಮುಟ್ಟಲ್ಲ!” ಮುನಿಗಂಗಮ್ಮ ನಕ್ಕುಬಿಟ್ಟಳು. ನಗು ಅರ್ಧಕ್ಕೇ ನಿಂತಿತು.

“ಕಾಯಿಲೆ ಏನು ಅಂತ ನನಗೆ ಗೊತ್ತಿಲ್ಲ ಅಕ್ಕಾ. ಆದ್ರೆ ಒಂದೇ ಮನೇಲಿ ಮೂವರಿಗಿದೆ. ನರದ ಡಾಕ್ಟರಿಗೆ ಇದನ್ನೆಲ್ಲ ಹೇಳಿ.”

ಮಾಲೂರಿನಿಂದ ರೈಲು ಹತ್ತಿ ದೊಡ್ಡಾಸ್ಪತ್ರೆಗೆ ಹೋದರು. ಔಷಧದಿಂದ ವಾಸಿಯಾಗುವ ಬೇರೆ ಕಾಯಿಲೆಗಳಿಲ್ಲವೆಂದು ವೈದ್ಯೆ ಮೊದಲು ಖಚಿತಪಡಿಸಿಕೊಂಡರು. ಸ್ಕ್ಯಾನ್, ರಕ್ತ ಪರೀಕ್ಷೆಗಳಾದ ಮೇಲೆ ಹೇಳಿದರು:

“ಇದು ಅಟಾಕ್ಸಿಯಾ. ನಡಿಗೆಯ ಹದ ಕಾಯೋ ಕಿರುಮೆದುಳು ನಿಧಾನವಾಗಿ ಸವೆಯುತ್ತೆ. ಅಪರೂಪದ್ದು, ನಿಮ್ಮ ವಂಶದಲ್ಲಿ ಬಂದಿದೆ. ಪೂರ್ತಿ ಗುಣಮಾಡೋ ಔಷಧ ಇನ್ನೂ ಇಲ್ಲ. ಆದರೆ ವ್ಯಾಯಾಮ ಕಲಿತು ದಿನಾ ಮಾಡಿದ್ರೆ, ಆಸರೆ ಹಿಡಿದು ನಡೆದ್ರೆ ಬೀಳೋದು ಕಡಿಮೆ ಆಗುತ್ತೆ. ನೆತ್ತಿಗೆ ಹತ್ತದ ಹಾಗೆ ಊಟ ನಿಧಾನವಾಗಿ ನುಂಗಬೇಕು.”

ಜೊತೆಗೆ ಬಂದಿದ್ದ ಮಗ ಕದಿರೇಶ್ ಮೆಲ್ಲಗೆ ಕೇಳಿದ, “ನನಗೂ ಬರುತ್ತಾ ಮೇಡಂ?”

“ಈ ಬಗೆಯಲ್ಲಿ ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧದಷ್ಟು. ಬರದೇನೂ ಇರಬಹುದು. ಪರೀಕ್ಷೆ ಮಾಡಿಸೋದು, ಬಿಡೋದು ನಿಮ್ಮಿಷ್ಟ. ಮೊದಲು ಕೂತು ಮಾತಾಡೋಣ.”

ಕೋದಂಡರಾಮಪ್ಪ ಹೆಂಡತಿಯ ಕಡೆ ತಿರುಗಿದ. “ಕೇಳಿಸ್ತೇನೇ?”

“ಕೇಳಿಸ್ತು. ಎಲ್ಲರ ಮುಂದೆ ಬೈದೆ, ಎಲ್ಲರ ಮುಂದೇನೇ ತಪ್ಪಾಯ್ತು ಅಂತೀನಿ.”

ಮುಂದಿನ ಬೆಳೆಗೆ ಹುಳುಮನೆಯ ಗೋಡೆಗುಂಟ ಕಬ್ಬಿಣದ ಪೈಪು ಹಾಕಿಸಿದರು. ಕೋದಂಡರಾಮಪ್ಪ ಅದನ್ನು ಹಿಡಿದು ಒಳಗೆ ಹೋದ. ಸ್ಟೂಲಿನ ಮೇಲೆ ಕೂತು ತಟ್ಟೆಗಳಿಗೆ ಸೊಪ್ಪು ಹರಡಿದ. ಹುಳುಗಳು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳತೊಡಗಿತು.

ಪಕ್ಕದ ಮನೆ ಗಂಗುಲಪ್ಪ ಬೀಡಿ ಸೇದುತ್ತ ಬಾಗಿಲಲ್ಲಿ ಇಣುಕಿದ. “ಏನಮ್ಮೋ, ಕುಡಿದೋನ್ನ ಒಳಗೆ ಬಿಟ್ಟಿದ್ದೀಯ?”

“ನಮ್ಮೆಜಮಾನ್ರು ಕುಡಿಯಲ್ಲ ಕಣಯ್ಯ, ಅದು ನರದ ಕಾಯಿಲೆ. ನಾನೇ ತಪ್ಪು ತಿಳ್ಕೊಂಡಿದ್ದೆ. ಹುಳಕ್ಕೆ ಹೊಗೆ ಆಗಲ್ಲ, ನೀನು ಮಾತ್ರ ಆ ಬೀಡಿ ಆರಿಸಿ ಬಾ!”

ಒಳಗಿನಿಂದ ಕೋದಂಡರಾಮಪ್ಪ ಜೋರಾಗಿ ನಕ್ಕ.

ಬಂಧುಗಳೇ, ನಿಮ್ಮ ಮನೆಯ ಹಿರಿಯರ ನಡಿಗೆ ತಪ್ಪುತ್ತಿದೆಯೇ? ಮಾತು ತೊದಲುತ್ತಿದೆಯೇ? ಕುಡಿತ, ಗಾಳಿ ಸೋಕಿದ್ದು, ವಯಸ್ಸು ಎಂದು ನೀವೇ ತೀರ್ಮಾನಿಸಬೇಡಿ. ಇದ್ದಕ್ಕಿದ್ದಂತೆ ಹೀಗಾದರೆ ಅದು ಪಾರ್ಶ್ವವಾಯು ಇರಬಹುದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನಿಧಾನವಾಗಿ ಹೆಚ್ಚುತ್ತಿದ್ದರೆ ನರರೋಗ ತಜ್ಞರಿಗೆ ತೋರಿಸಿ, ವಂಶದಲ್ಲಿ ಇನ್ಯಾರಿಗೆ ಹೀಗಿತ್ತೆಂದು ಮುಚ್ಚಿಡದೆ ಹೇಳಿ. ಕಾಯಿಲೆ ಬಂದದ್ದು ಅವರ ತಪ್ಪಲ್ಲ. ಅವರ ಮಾತನ್ನು ನಂಬುವುದು ನಮ್ಮ ಕೈಯಲ್ಲಿದೆ.